ತಲೆಯಾಡಿಸಿದ್ದು

ಕೊರೊನಾ ಕಾಲದಲ್ಲಿ ಜಪಾನಿನಿಂದ ಹೊರಟ ನಮ್ಮ ಸಂಶೋಧನಾ ಹಡಗನ್ನು ಯಾವ ಬಂದರೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಎಲ್ಲೂ ನಿಲ್ಲದೆ ಆರ್ಕ್ಟಿಕ್ ಸಮುದ್ರಕ್ಕೆ ಹೋಗಿ, ಎಲ್ಲೂ ನಿಲ್ಲದೆ ಮರಳಬೇಕು. ನಾನು ಜಪಾನಿನ ಕಾಶಿವಾ ಎಂಬ ಊರಿನ ಪ್ರಯೋಗಾಲಯದಿಂದ ಹವಾಮಾನ ದಾಖಲಿಸಲು ಹೋಗಿದ್ದೆ. ಜೊತೆಗೆ ಅಲ್ಲಿಯವರೇ ಆದ ಒಬ್ಬ ಹಿರಿಯ ತಂತ್ರಜ್ಞರು. ಜಪಾನಿನ ವಾಡಿಕೆಯಂತೆ ಅವರನ್ನು ಸೆಂಪಾಯ್ ಎನ್ನುತ್ತಿದ್ದೆ, ಹಿರಿಯರು ಎಂಬ ಅರ್ಥದಲ್ಲಿ. ನಮ್ಮ ಮಾತು ಅರ್ಧ ಇಂಗ್ಲಿಷು, ಅರ್ಧ ಜಪಾನಿ.

ದಿನಕ್ಕೆ ನಾಲ್ಕು ಸಲ ಹೀಲಿಯಂ ತುಂಬಿದ ಬಲೂನಿಗೆ ಅಳತೆಯ ಉಪಕರಣ ಕಟ್ಟಿ ಮೇಲೆ ಬಿಡುತ್ತಿದ್ದೆವು. ಹಿಂಬದಿಯ ಡೆಕ್ಕಿನಲ್ಲಿ ಶಟರ್ ಇದ್ದ ಕಬ್ಬಿಣದ ಕೋಣೆಯೊಂದಿತ್ತು. ಬಲೂನು ಹಿಡಿದು ಅವರು ಒಳಗೆ, ಅಲೆ ನೋಡುತ್ತ ನಾನು ಹೊರಗೆ. ಗಾಳಿಯಲ್ಲಿ ಮಾತು ಕೇಳದು, ಮಾಸ್ಕಿನಿಂದ ಬಾಯಿ ಕಾಣದು. ನನ್ನ ಎರಡು ಕೈಯೂ ಕಂಬಿ ಹಿಡಿದಿರುತ್ತಿದ್ದವು. ಸನ್ನೆಗೆ ಉಳಿಯುತ್ತಿದ್ದದ್ದು ತಲೆ ಮಾತ್ರ.

ನಾವು 'ಹೂಂ' ಎನ್ನುವಾಗ ತಲೆಯನ್ನು ಪಕ್ಕಕ್ಕೆ ಓಲಾಡಿಸುತ್ತೇವಲ್ಲ, ಅದು ಅವರಿಗೆ ತಮಾಷೆ.

"ಏನಿದು, ಯೆಸ್ಸಾ, ನೋನಾ? ನಿನ್ನ ಕತ್ತಲ್ಲಿ ಸ್ಕ್ರೂ ಲೂಸ್ ಆಗಿದೆ."

"ಯೆಸ್ಸು, ಸೆಂಪಾಯ್. ನಮ್ಮ ಕಡೆ ಎಲ್ರದ್ದೂ ಲೂಸೇ."

ಅವರು ಅದನ್ನು ಕಲಿತರು. ಹಡಗಿನ ಅಡುಗೆಯವರಿಗೂ ಕಲಿಸಿದರು: ಇವನು ಹೀಗೆ ಆಡಿಸಿದರೆ ಸರಿ ಎಂದರ್ಥ, ಸೂಪು ಹಾಕಿ.

ಅಂದು ಮಧ್ಯಾಹ್ನ ಬಿರುಗಾಳಿ. ಬಲಬದಿಯಲ್ಲಿ ನೀರು ಗೋಡೆಯಂತೆ ಏಳುತ್ತಿರುವುದು ನನಗೆ ಕಂಡಿತು. ಅರ್ಧ ಎತ್ತಿದ ಶಟರಿನ ಕೆಳಗಿಂದ ಸೆಂಪಾಯ್ ನೋಡಿದರು: ಬಿಡಲಾ? ಬೇಡವೆಂದು ತಲೆಯಾಡಿಸಿದೆ. ಜೋರಾಗಿ, ಎರಡು ಸಲ. ದಪ್ಪ ಟೋಪಿ, ಕತ್ತಿಗೆ ಬಿಗಿದ ಜಾಕೆಟ್ಟು, ಕಾಲಡಿ ವಾಲುವ ಡೆಕ್ಕು. ಅವರಿಗೆ ಕಂಡದ್ದು ನನ್ನ 'ಹೂಂ'. ಕನ್ನಡದಲ್ಲಿ ಎರಡಕ್ಕೂ ತಲೆಯಾಡಿಸು ಎಂದೇ ಹೇಳುತ್ತೇವೆ. ಇದು ಹೊಳೆದದ್ದು ಆಮೇಲೆ.

ಅವರು ಶಟರನ್ನು ಪೂರ್ತಿ ಎತ್ತಿ ಹೊರಗೆ ಹೆಜ್ಜೆಯಿಟ್ಟರು. ನೀರು ಬಂತು. ಕಂಬಿಗೆ ಕಟ್ಟಿಕೊಂಡಿದ್ದ ಸೊಂಟದ ಹಗ್ಗ ನನ್ನನ್ನು ಎಳೆದು ಕಂಬಿಗೆ ಅಪ್ಪಳಿಸಿತು. ಬಾಯಲ್ಲಿ ಉಪ್ಪು, ರಕ್ತ. ಕಣ್ಣು ತೆರೆದಾಗ ಹರಿದ ಬಲೂನು ಕಂಬಕ್ಕೆ ಸಿಕ್ಕಿ ಪಟಪಟ ಬಡಿದುಕೊಳ್ಳುತ್ತಿತ್ತು. ಸೆಂಪಾಯ್ ಹೊಸ್ತಿಲ ಮೇಲೆ ಬಿದ್ದಿದ್ದರು. ಇನ್ನೊಂದು ಅಲೆ ಹಡಗನ್ನು ಎತ್ತಿ ಕುಕ್ಕಿತು. ಕೊಂಡಿ ಕಳಚಿ ಶಟರು ಅವರ ಬಲಗೈ ಮೇಲೆ ಬಿತ್ತು. ಮೂಳೆಯ ಸದ್ದು ಆ ಗಾಳಿಯಲ್ಲೂ ಕೇಳಿತು. ನಾನು ಶಟರು ಎತ್ತಿದೆ. ಎರಡು ಸಲ ಕೈಜಾರಿತು. ಎರಡು ಸಲವೂ ಅದೇ ಕೈ ಮೇಲೆ ಬಿತ್ತು. ಮೂರನೆಯ ಸಲ ಎತ್ತಿ ಹಿಡಿದೆ.

ಕೆಟ್ಟ ಹವೆಯಿಂದಾಗಿ ಹೆಲಿಕಾಪ್ಟರ್ ಬರಲಾಗಲಿಲ್ಲ. ಹತ್ತಿರದ ಬಂದರು ಸೇರಿಸಲಿಲ್ಲ. ಜಪಾನಿಗೆ ಆರು ದಿನದ ದಾರಿ. "ಕೈ ಅಷ್ಟು ದಿನ ಕಾಯಲ್ಲ," ಎಂದರು ಹಡಗಿನ ವೈದ್ಯರು. ಮಾರನೆಯ ಬೆಳಿಗ್ಗೆ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಸೆಂಪಾಯ್ ಅವರ ಮೊಣಕೈ ಒತ್ತಿ ಹಿಡಿಯಲು ವೈದ್ಯರು ನನ್ನನ್ನು ಕರೆದರು.

"ಸೆಂಪಾಯ್, ನಾನು ಬೇಡ ಅಂದಿದ್ದೆ."

"ಈಗ ಗೊತ್ತಾಯ್ತು. ಲಾಗ್ ಬುಕ್ಕಲ್ಲಿ ನಿನ್ನೆ ಮಧ್ಯಾಹ್ನದ ಎಂಟ್ರಿ ಏನು ಬರ್ದೆ?"

"ಖಾಲಿ ಬಿಟ್ಟಿದ್ದೀನಿ."

"ಬಾಕಾ! ಪೆದ್ದ! ಖಾಲಿ ಬಿಟ್ರೆ ನಾವು ಮಲಗಿದ್ವಿ ಅಂದ್ಕೊಳ್ತಾರೆ. ಏನಾಯ್ತೋ ಅದನ್ನ ಬರಿ. ನಿನ್ನ ಸನ್ನೆ ನಾನು ತಪ್ಪಾಗಿ ಓದಿದ್ದೂ ಬರಿ."

"ಶಟರು ಎರಡು ಸಲ ನನ್ನ ಕೈಜಾರಿದ್ದು?"

ಅವರು ಕಟ್ಟು ಹಾಕಿದ ಕೈಯನ್ನು ನೋಡಿಕೊಂಡರು.

"ಅದನ್ನೂ."

ವೈದ್ಯರು ಮೂರು ಬೆರಳು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದವು. ಮೊದಲ ಹೊಡೆತಕ್ಕೆ ಎಷ್ಟು ಹೋಗಿದ್ದವು, ನನ್ನಿಂದ ಎಷ್ಟು ಹೋದವು ಎಂದು ಕೇಳಿದೆ. ಅದನ್ನು ಹೇಳಲಾಗದು ಎಂದರು.