ಪಾರವ್ವ ವಿಭೂತಿ ಹಚ್ಚಿದ ಹಳದಿ ಹೆಜ್ಜೆಗಳು

ನಾಯಂಡಹಳ್ಳಿ ಮೆಟ್ರೊ ನಿಲ್ದಾಣದ ಹೊರಗೆ ಯಾವುದೋ ಕಂಪನಿಯವರು ಬಾಗಿಲಷ್ಟು ಎತ್ತರದ ಟಿ.ವಿ. ಪರದೆ ನಿಲ್ಲಿಸಿದರು. ಅದರೆದುರು ನೆಲದ ಮೇಲೆ ಎರಡು ಜೊತೆ ಹಳದಿ ಹೆಜ್ಜೆ. ಗುರುತಿಲ್ಲದ ಇಬ್ಬರು ಆ ಹೆಜ್ಜೆಗಳ ಮೇಲೆ ನಿಂತು ಕೈಬೀಸಿದರೆ ಪರದೆಯಲ್ಲಿ ಹೂಮಳೆ, ಮೂಲೆಯಲ್ಲಿ ಎಣಿಕೆ ಒಂದು ಏರುತ್ತದೆ. ಜನ ಒಬ್ಬರನ್ನೊಬ್ಬರು ಮಾತಾಡಿಸಲಿ ಎಂಬ ಘನ ಉದ್ದೇಶ.

ಅದನ್ನು ಒರೆಸಿ ಕಾಯಲು ಲಿಂಗಸುಗೂರು ಕಡೆಯ ಪಾರವ್ವನನ್ನು ಇಟ್ಟರು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ನಿಂತೇ ದಾರ ಕತ್ತರಿಸಿ, ಬೈದ ಸೂಪರ್‌ವೈಸರಿಗೆ ಎರಡರಷ್ಟು ಬೈದು ಕೆಲಸ ಕಳೆದುಕೊಂಡ ಹೆಂಗಸು. ಇದೂ ಹೋದರೆ ಊರಿಗೆ ಗಂಟು ಕಟ್ಟಬೇಕಿತ್ತು.

ಯಂತ್ರದ ವಿಷಯವನ್ನು ಇಂಜಿನಿಯರು ಇಂಗ್ಲಿಷಿನಲ್ಲೇ ವಿವರಿಸಿ ಹೋಗಿದ್ದ. ನೆಲದ ಮೇಲೆ ಪಾದ ಕಂಡ ಪಾರವ್ವ ಯಾರೋ ಶರಣರದಿರಬೇಕೆಂದು ತೊಳೆದು, ವಿಭೂತಿ ಎಳೆದು, ಕಣಗಿಲೆ ಹೂವಿಟ್ಟಳು. ಜನ ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ತುಳಿಯುವವರು ಒಬ್ಬರೂ ಇಲ್ಲ.

ವಾರ ಕಳೆದು ಕಂಪನಿಯ ಯಶ್ವಂತ್ ಬಂದು ಎಣಿಕೆ ನೋಡಿದ.

"ಏನಮ್ಮಾ, ಸೊನ್ನೆ! ಜನ ಇದ್ರ ಮೇಲೆ ನಿಲ್ಬೇಕು, ಪೂಜೆ ಮಾಡೋದಲ್ಲ. ಸಂಜೆವರ್ಗೂ ಹಿಂಗೇ ಇದ್ರೆ ಬಿಚ್ಕೊಂಡು ಹೋಗ್ತೀವಿ. ನಿಮ್ ಕೆಲ್ಸಾನೂ ಅಷ್ಟೇ."

ಪಾರವ್ವ ವಿಭೂತಿ ಒರೆಸಿ, "ಬರ್ರಿ, ತುಳೀರಿ, ಏನೂ ಆಗಂಗಿಲ್ಲ!" ಎಂದು ಕೂಗಿದಳು. ನಿನ್ನೆ ಪೂಜಿಸಿದವಳು ಇವತ್ತು ತುಳಿಯಿರಿ ಎಂದರೆ ಯಾರು ನಂಬುತ್ತಾರೆ?

"ಪಾಪ ನಮಗ್ಯಾಕಮ್ಮಾ, ನೀನೇ ತುಳಿ," ಎಂದು ದಿನಾ ಬರುವ ಆರ್‌ಪಿಸಿ ಲೇಔಟಿನ ಯಶೋದಮ್ಮ ಚಪ್ಪಲಿ ಬಿಟ್ಟು ಕೈಮುಗಿದರು. ತಿರುಗಿದರೆ ಚಪ್ಪಲಿ, ಆಗಲೇ ಕೈಮುಗಿದು ಹೊರಟ ಕುಸುಮಾ ಎಂಬ ಹುಡುಗಿಯ ಕಾಲಲ್ಲಿ!

"ಏಯ್, ಅದು ನಂದು ಕಣೇ!"

"ನಂದು ಆಂಟಿ. ಮೊನ್ನೆ ತಾನೇ ತಗೊಂಡಿದ್ದು."

"ನಿಂದಾದ್ರೆ ಹಿಂದ್ಗಡೆ ಇನ್ನೊಂದು ಕಾಲಿಡೋವಷ್ಟು ಜಾಗ ಯಾಕಿದೆ?"

ಜಗಳದ ಬಿಸಿಯಲ್ಲಿ ಪಾಪಪುಣ್ಯ ಮರೆತು ಇಬ್ಬರೂ ಹಳದಿ ಹೆಜ್ಜೆಗಳ ಮೇಲೆಯೇ ನಿಂತರು. ಮುಖಕ್ಕೆ ಮುಖ ಕೊಟ್ಟು ಕೈಬೀಸಿದರು. ಪರದೆಯಲ್ಲಿ ಧೋ ಎಂದು ಹೂಮಳೆ. ಎಣಿಕೆ ಒಂದು.

ಪಾರವ್ವನಿಗೆ ಗುಟ್ಟು ತಿಳಿಯಿತು. "ಆಂಟಿ ಅಂದ್ಳಲ್ರೀ ಯಶೋದಮ್ಮಾರ, ಸುಮ್ನ ಇರ್ತೀರೇನು?" ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದಳು. ಪಂಚಾಯ್ತಿಗೆ ಬಂದವರು ಪಕ್ಷ ಕಟ್ಟಿದರು. ಜೋಡಿ ಜೋಡಿಯಾಗಿ ಹೆಜ್ಜೆಯ ಮೇಲೆ ನಿಂತು ಕೈಬೀಸಿ ವಾದಿಸಿದರು. ಅದೇ ಅಂಗಡಿಯ ಅದೇ ಬಣ್ಣದ, ಒಂದು ನಂಬರು ಚಿಕ್ಕದಾದ ಕುಸುಮಾಳ ಚಪ್ಪಲಿ ಕಂಬದ ಮರೆಯಲ್ಲಿ ಸಿಕ್ಕಿದ ಮೇಲೂ ವಾದ ನಿಲ್ಲಲಿಲ್ಲ.

ಸಂಜೆ ಯಶ್ವಂತ್ ಬಂದಾಗ ಎಣಿಕೆ ನಲವತ್ತೊಂದು.

"ಅಲ್ಲಮ್ಮಾ, ಇವರು ಜಗಳ ಆಡ್ತಿದಾರಲ್ಲಾ?"

"ಮಂದಿ ಮಾತಾಡ್ಲಿ ಅಂತ ಇಟ್ಟೀರಿಲ್ಲ? ಮಾತಾಡಾಕತ್ಯಾರ. ಎಂಥಾ ಮಾತು ಅಂತ ನಿಮ್ಮ ಮಿಷನ್ ಕೇಳ್ತೈತೇನು?"

ಆತ ತಲೆ ಕೆರೆದು ಪರದೆಯ ಫೋಟೊ ತೆಗೆದುಕೊಂಡ. "ಸರಿ, ಇನ್ನು ಮೂರ್ ತಿಂಗ್ಳು ಇರಿ."

"ಬಾಯಿಮಾತು ಬ್ಯಾಡ್ರೀ ಸಾಹೇಬ್ರ," ಎಂದು ಪಾರವ್ವ ಕೈಚಾಚಿದಳು. "ಹಾಳ್ಯಾಗ ಬರ್ದು ಸಹಿ ಮಾಡ್ರಿ."