ಅಮ್ಮನಿಗೆ ರುಚಿ ಸಿಕ್ಕಿದ್ದು

ನಾವು ಮನೆಮಂದಿ ಹೊರಗೆ ಊಟ ಮಾಡುತ್ತಿದ್ದುದು ವರ್ಷಕ್ಕೆ ಎರಡೋ ಮೂರೋ ಸಲ. ಮಗಳ ಪರೀಕ್ಷೆ ಮುಗಿದಾಗ ಒಮ್ಮೆ, ಮಂಗಳೂರಿಗೆ ಬಟ್ಟೆ ತೆಗೆಯಲು ಹೋದಾಗ ಒಮ್ಮೆ. ಅಮ್ಮ ಅದಕ್ಕೂ ಬರುತ್ತಿರಲಿಲ್ಲ. ನೀವು ಹೋಗಿ ಬನ್ನಿ, ನನಗೆ ಗಂಜಿ ಉಂಟು ಅನ್ನುತ್ತಿದ್ದಳು. ಬೆಳ್ತಂಗಡಿ ಕಡೆಯ ಒಂದು ಶಾಲೆಯಲ್ಲಿ ಇಪ್ಪತ್ತು ವರ್ಷ ಬಿಸಿಯೂಟ ಬೇಯಿಸಿದವಳು ಅವಳು. ಅಕ್ಕಿಯಲ್ಲಿ ಕಲ್ಲು ಸಿಕ್ಕಿತೆಂದು ಯಾವ ಮಗುವೂ ದೂರು ಹೇಳಿರಲಿಲ್ಲ ಎನ್ನುವುದು ಅವಳ ದೊಡ್ಡ ಹೆಮ್ಮೆ. ಮೈಯಲ್ಲಿ ಕಸುವು ಕಡಿಮೆಯಾದ ಮೇಲೆ ಮೆಲ್ಕಾರಿನ ನಮ್ಮ ಮನೆಗೆ ಬಂದಳು. ಬಂದ ಮರುದಿನವೇ ಅಡುಗೆಮನೆ ಅವಳ ಕೈಗೆ ಹೋಯಿತು. ಹೆಂಡತಿ ಮೂಡಬಿದಿರೆಯಲ್ಲಿ ಟೀಚರ್, ನನಗೆ ಬೆಳ್ತಂಗಡಿಯಲ್ಲಿ ಕಚೇರಿ ಕೆಲಸ. ಸಂಜೆ ಇಬ್ಬರೂ ಸೋತು ಬರುವಾಗ ಬಸಳೆ ಪದಾರ್ಥವೋ ಹುರುಳಿ ಸಾರೋ ಬಿಸಿಯಾಗಿ ಇರುತ್ತಿತ್ತು. ಅದನ್ನು ಒಂದು ಭಾಗ್ಯ ಎಂದು ಆಗ ನಾವು ಯಾರೂ ಅಂದುಕೊಂಡಿರಲಿಲ್ಲ.

ನಂತರ ಅವಳ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಕೂದಲು ಹೋದದ್ದಕ್ಕೆ ಅಮ್ಮ ಅಷ್ಟೇನೂ ಬೇಸರಿಸಲಿಲ್ಲ. ಮೂರನೆಯ ಸಲ ಮದ್ದು ಹಾಕಿಸಿಕೊಂಡು ಬಂದ ಮೇಲೆ ಅವಳಿಗೆ ರುಚಿ ಹೋಯಿತು. ಗಂಜಿ ಬಾಯಿಗಿಟ್ಟರೆ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದಂತೆ. ಹೆಂಡತಿ ನೀರುದೋಸೆ ಮಾಡಿದಳು, ಮೀನಿನ ಗಸಿ ಮಾಡಿದಳು, ಮಾವಿನಮಿಡಿ ಉಪ್ಪಿನಕಾಯಿಯ ರಸ ನೆಕ್ಕಿಸಿ ನೋಡಿದಳು. ಅಮ್ಮ ಮಲಗಿದಲ್ಲಿಂದಲೇ ಅಳತೆ ಹೇಳಿಕೊಟ್ಟು, ತನ್ನದೇ ರೀತಿಯಲ್ಲಿ ಮಾಡಿಸಿದ್ದೂ ಉಂಟು. ಎರಡು ತುತ್ತಾಗುವಾಗ ಬಟ್ಟಲು ಸರಿಸುತ್ತಿದ್ದಳು.

ಒಂದು ಸಂಜೆ ಮಗಳು ಟ್ಯೂಷನ್ ಮುಗಿಸಿ ಬರುವಾಗ ಜಂಕ್ಷನ್ನಿನ ಫಾಸ್ಟ್ ಫುಡ್ ಅಂಗಡಿಯಿಂದ ಗೋಬಿ ಮಂಚೂರಿ ತಂದಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿ, ಬಾಗಿಲ ಹಿಂದೆ ನಿಂತು ತಿನ್ನುತ್ತಿದ್ದಳು. ಒಳಗಿನಿಂದ ಅಮ್ಮ, ಅದೇನು ಪರಿಮಳ ಎಂದು ಕೇಳಿದಳು. ಬೈಯುತ್ತಾಳೆಂದು ಮಗಳು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದಳು. ಅಮ್ಮ ಬೈಯಲಿಲ್ಲ, ಒಂದು ತುಂಡು ಕೊಡು ಅಂದಳು. ತಿಂದಳು. ಇನ್ನೊಂದು ತಿಂದಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲ ಹೇಳಿದಳು, "ಇದಕ್ಕೆ ರುಚಿ ಉಂಟು ಮಗಾ."

ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಬೇಡ, ರಕ್ತದಲ್ಲಿ ಬಿಳಿ ಕಣ ಕಡಿಮೆ ಉಂಟು, ಸೋಂಕಾದೀತು, ಹೊರಗಿನದ್ದು ಕೊಡಲೇಬಾರದು ಅಂದರು. ಹಾಗಾದರೆ ಮನೆಯಲ್ಲೇ ಮಾಡುವ ಎಂದು ಹೆಂಡತಿ ಫೋನ್ ನೋಡಿ ಹೂಕೋಸು ಕರಿದಳು, ಸಾಸ್ ಹಾಕಿ ಮಗುಚಿದಳು. ನನಗೆ ಅಂಗಡಿಯದ್ದಕ್ಕಿಂತ ಅದೇ ಒಳ್ಳೆಯದೆನಿಸಿತು. ಅಮ್ಮ ಒಂದು ತುಂಡು ಜಗಿದು, ಸೊಸೆಗೆ ನೋವಾಗಬಾರದೆಂದು ನುಂಗಿ, ಆ ಕಡೆ ತಿರುಗಿ ಮಲಗಿದಳು. ಎರಡು ದಿನ ನೀರು, ಎಳನೀರು ಬಿಟ್ಟರೆ ಬೇರೇನೂ ಒಳಗೆ ಹೋಗಲಿಲ್ಲ. ಮೂರನೆಯ ದಿನ ನಾನು ಬೆಳ್ತಂಗಡಿಯಿಂದ ಬರುವ ದಾರಿಯಲ್ಲಿ ಆ ಅಂಗಡಿಯ ಮುಂದೆ ನಿಂತಿದ್ದೆ.

ಅಂಗಡಿಯವರು ಬಹಳ ವರ್ಷ ಗಲ್ಫಿನಲ್ಲಿ ಅಡುಗೆ ಮಾಡಿ ಬಂದ ಬ್ಯಾರಿ ಮುಸ್ಲಿಮರು. ಎಣ್ಣೆ ಹೊಸತಾ, ಖಾರ ಕಡಿಮೆ ಮಾಡಬಹುದಾ ಎಂದೆಲ್ಲ ನಾನು ಕೇಳಿದ್ದರಿಂದ ಅವರಿಗೆ ಸಂಶಯ ಬಂತು. ಯಾರಿಗೆಂದು ವಿಚಾರಿಸಿದರು. ಹೇಳಿದೆ. ಆಮೇಲೆ ನಾನು ಬರುವ ದಿನವೆಲ್ಲ, ಹೊಸ ಎಣ್ಣೆ ಇಟ್ಟ ಕೂಡಲೇ ಮೊದಲ ಸುತ್ತಿನಲ್ಲಿ ಅಮ್ಮನದ್ದನ್ನು ತೆಗೆದಿಡುತ್ತಿದ್ದರು.

ಮೊದಲು ವಾರಕ್ಕೆ ಎರಡು ಸಲ ಎಂದು ನಿಶ್ಚಯ ಮಾಡಿದ್ದೆವು. ಒಂದು ತಿಂಗಳಲ್ಲಿ ದಿನ ಬಿಟ್ಟು ದಿನ ಆಯಿತು, ಆಮೇಲೆ ದಿನವೂ. ಒಗ್ಗರಣೆಯ ವಾಸನೆ ಬಂದರೆ ಅಮ್ಮನಿಗೆ ವಾಂತಿಯಾಗುತ್ತಿತ್ತು, ಆದ್ದರಿಂದ ಸಂಜೆಯ ಒಲೆ ಹಚ್ಚುವುದೇ ನಿಂತಿತು. ಅವಳಿಗೆ ಗೋಬಿ, ನಮಗೆ ಫ್ರೈಡ್ ರೈಸೋ ನೂಡಲ್ಸೋ. ಅಂಗಡಿಯವರು ನನ್ನನ್ನು ದೂರದಲ್ಲಿ ಕಂಡರೆ ನಾಲ್ಕು ಪಾರ್ಸೆಲ್ ಕಟ್ಟಲು ಶುರು ಮಾಡುತ್ತಿದ್ದರು. ಮಗಳಿಗೆ ಖುಷಿಯೋ ಖುಷಿ. ಆ ಖುಷಿಯನ್ನು ಮುಚ್ಚಿಕೊಳ್ಳಬೇಕೆಂಬುದು ಅವಳಿಗೆ ಗೊತ್ತಿತ್ತು, ಆದರೆ ಮಕ್ಕಳಿಗೆ ಅದೆಲ್ಲ ಎಲ್ಲಿ ಬರುತ್ತದೆ. ಹೆಂಡತಿ ಒಂದು ದಿನ ಖಾಲಿ ಒಲೆಯ ಎದುರು ನಿಂತು, "ನಾನು ಏನು ಮಾಡಬೇಕು ಹೇಳಿ," ಅಂದಳು. ಸಿಟ್ಟಿನ ಮಾತಲ್ಲ, ನಿಜವಾಗಿಯೂ ಕೇಳಿದ್ದು.

ಅಮ್ಮನಿಗೆ ನಾಚಿಕೆಯೂ ಇತ್ತು. ಶಾಲೆಯಲ್ಲಿ ಅವಳ ಜೊತೆ ಬಿಸಿಯೂಟ ಮಾಡುತ್ತಿದ್ದ ಅಕ್ಕ ಒಂದು ಭಾನುವಾರ ಎರಡು ಬಸ್ಸು ಬದಲಿಸಿ ನೋಡಲು ಬಂದರು. ತಿಮರೆ ಸೊಪ್ಪಿನ ಚಟ್ನಿ, ಅರಸಿನ ಎಲೆಯ ಕಡುಬು ತಂದಿದ್ದರು. ಅವರು ತುತ್ತು ಮಾಡಿ ಕೊಟ್ಟಾಗ ಅಮ್ಮ ತಿಂದಳು, ಚೆನ್ನಾಗಿ ಉಂಟು ಅಂದಳು. ಆ ಮುಖ ನೋಡಿದರೆ ಮಣ್ಣು ತಿಂದಂತಿತ್ತು. ಮಂಚದ ಕೆಳಗೆ ಸರಿಸಿದ್ದ ಗೋಬಿಯ ಡಬ್ಬಿ ಆ ಅಕ್ಕನ ಕಾಲಿಗೆ ತಾಗಿತು. ಬಗ್ಗಿ ನೋಡಿ, ಇದು ಯಾರದ್ದು ಎಂದು ಕೇಳಿದರು. ಮೊಮ್ಮಗಳದ್ದು, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದಳು ಅಮ್ಮ. ಆ ಅಕ್ಕ ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಹದಿನೈದು ನಿಮಿಷ ಬುದ್ಧಿ ಹೇಳಿದರು. ತಲೆ ತಗ್ಗಿಸಿ ಕೇಳಿದಳು.

ಮಳೆ ಬಿಟ್ಟ ಸಮಯದಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. ಚಿತ್ರಗಳನ್ನು ತೋರಿಸಿದರು, ಮಾತ್ರೆ ಬರೆದುಕೊಟ್ಟರು. ನಾನು ಊಟದ ವಿಷಯ ಎತ್ತಿದೆ. ಈ ಸಲ ಅವರು ಬೇಡ ಅನ್ನಲಿಲ್ಲ. "ಅವರಿಗೆ ಏನು ಸೇರ್ತದೆಯೋ ಕೊಡಿ," ಅಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಕದ್ದು ಕೊಡಬೇಕಾಗಿಲ್ಲವಲ್ಲ ಎಂದು ನಿರಾಳವಾಗಿ ಬಂದು ಬಾಡಿಗೆ ಕಾರಿನಲ್ಲಿ ಅಮ್ಮನ ಪಕ್ಕ ಕುಳಿತೆ. ಫರಂಗಿಪೇಟೆ ದಾಟುವಾಗ ಆ ಮಾತಿನ ಅರ್ಥ ಹೊಳೆಯಿತು. ಅಮ್ಮ ಕಿಟಕಿಯ ಹೊರಗೆ ಹೊಳೆ ನೋಡುತ್ತಿದ್ದಳು. ಡಾಕ್ಟರು ಏನಂದರು ಎಂದು ಕೇಳಿದಳು. ಗೋಬಿ ತಿನ್ನಬಹುದಂತೆ ಅಂದೆ. ಅವಳು ನನ್ನನ್ನು ಒಮ್ಮೆ ನೋಡಿ, ಮತ್ತೆ ಹೊಳೆಯ ಕಡೆಗೆ ತಿರುಗಿದಳು.

ಕೊನೆಗೆ ಆ ರುಚಿಯೂ ಹೋಯಿತು. ಒಂದು ಸಂಜೆ ತುಂಡನ್ನು ಬಾಯಲ್ಲಿಟ್ಟು ಬಹಳ ಹೊತ್ತು ಕುಳಿತಿದ್ದಳು. "ಇದೂ ಹೋಯಿತು ಮಗಾ," ಅಂದಳು. ನಾಳೆಯಿಂದ ತರಬೇಡವಾ ಎಂದು ಕೇಳಿದೆ. ತಾ, ಮಗುವಿಗೆ ಅಭ್ಯಾಸ ಆಗಿದೆ ಅಂದಳು. ಮತ್ತೆ ಹದಿನೆಂಟು ದಿನ ಇದ್ದಳು.

ಕ್ರಿಯೆಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಹೆಂಡತಿ ಸಂಜೆ ಒಲೆ ಹಚ್ಚಿದಳು. ಇನ್ನು ಮನೆಯ ಊಟ ಎಂದು ನಾವಿಬ್ಬರೂ ತೀರ್ಮಾನಿಸಿದ್ದೆವು. ಮಗಳು ಕುಚ್ಚಲಕ್ಕಿ ಅನ್ನವನ್ನು ಬೆರಳಿನಿಂದ ಆಚೆ ಈಚೆ ಮಾಡಿ ಎದ್ದುಹೋದಳು. ಹೊಡೆಯುವ ಪ್ರಾಯವಲ್ಲ. ಬೈಯುವ ಬಾಯಿ ನನಗೆ ಉಳಿದಿರಲಿಲ್ಲ, ಒಂಬತ್ತು ತಿಂಗಳು ತಂದುಕೊಟ್ಟವನು ನಾನೇ. ಒಂದು ವಾರ ತಡೆದೆವು. ಆಮೇಲೆ ಶನಿವಾರ ಮಾತ್ರ ಎಂದೆವು. ಹೆಂಡತಿಗೆ ಶಾಲೆಯಲ್ಲಿ ಮೀಟಿಂಗ್ ಇದ್ದ ದಿನ ಒಂದು ಬುಧವಾರ ಸೇರಿತು. ಈಗ ವಾರಕ್ಕೆ ನಾಲ್ಕು ದಿನ. ತಪ್ಪು ಯಾರದ್ದೆಂದು ಮಾತಾಡಲು ಕುಳಿತರೆ ಅಮ್ಮನವರೆಗೆ ಹೋಗಬೇಕಾಗುತ್ತದೆ, ಆದ್ದರಿಂದ ಯಾರೂ ಕುಳಿತುಕೊಳ್ಳುವುದಿಲ್ಲ.

ಮೊನ್ನೆ ಹೆಂಡತಿ ಫೋನ್ ಮಾಡಿ, ಇವತ್ತು ಗಂಜಿ ಇಟ್ಟಿದ್ದೇನೆ, ಏನೂ ತರಬೇಡಿ ಅಂದಳು. ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸುವಾಗ ಮಗಳ ಫೋನ್ ಬಂತು. ಅವಳಿಗೊಂದು ಗೋಬಿ ಪಾರ್ಸೆಲ್ ಕಟ್ಟಿಸಿಕೊಂಡು ಬಂದೆ. ಅವಳು ಡಬ್ಬಿ ಬಿಚ್ಚಿ ತಿನ್ನುವಾಗ ನಾವಿಬ್ಬರೂ ಎದುರು ಕುಳಿತು ಗಂಜಿ ಉಣ್ಣುತ್ತಿದ್ದೆವು. ಹೆಂಡತಿ ಕೈ ಚಾಚಿ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು. ಮಗಳು ಡಬ್ಬಿಯನ್ನು ನನ್ನ ಕಡೆಗೂ ಸರಿಸಿದಳು. ಬೇಡ ಅನ್ನಲು ಆಗಲಿಲ್ಲ.