ದ್ವೀಪದ ಹಕ್ಕಿಗೆ ಪಿಂಡ

ನಮ್ಮ ಜಯನಗರಕ್ಕೆ ಟೀವಿ ಇನ್ನೂ ಬಂದಿರದ ಕಾಲ. ಸಮುದ್ರದೊಳಗಿನ ಪುಟ್ಟ ದ್ವೀಪವೊಂದರಲ್ಲಿ ಹಕ್ಕಿಗಳ ಫೋಟೊ ತೆಗೆದು ಬಂದವನು, ಗೋಡೆಗೆ ಬಿಳಿ ಪಂಚೆ ಕಟ್ಟಿ ಅಕ್ಕಪಕ್ಕದವರಿಗೆ ಸ್ಲೈಡ್ ತೋರಿಸಿದೆ. ಬಂಡೆಯೇ ಕಾಣದಷ್ಟು ಹಕ್ಕಿ! ಪಕ್ಕದ ಮನೆ ರಾಯರು ನಿಟ್ಟುಸಿರು ಬಿಟ್ಟರು.

"ಮೊನ್ನೆ ನಮ್ಮ ತಂದೆ ತಿಥಿ ಕಣ್ರೀ. ಪಿಂಡ ಮುಟ್ಟೋಕೆ ಒಂದ್ ಕಾಗೇನೂ ಬರ್ಲಿಲ್ಲ. ಮನೆಯವರೆಲ್ಲ ಸಂಜೆವರೆಗೂ ಉಪವಾಸ. ಮುಂದಿನ ವರ್ಷ ಅಲ್ಲೇ ಹೋಗಿ ಮಾಡಿಬಿಡ್ಲಾ?"

"ಮಾಡಿ ಸಾರ್, ದೋಣಿ ಸಿಗುತ್ತೆ."

"ಅವು ಏನ್ ತಿಂತವೆ?"

"ಬರೀ ಮೀನು."

ರಾಯರು ಬೆಚ್ಚಿಬಿದ್ದರು. "ಅಯ್ಯೋ, ಬೇಡಪ್ಪ! ನಮ್ಮ ತಂದೆ ಈರುಳ್ಳೀನೂ ಮುಟ್ಟಿದವರಲ್ಲ."

ಮಟನ್ ಅಂಗಡಿ ಹಿಂದೆ ನಮ್ಮ ಜಯನಗರದ ಕಾಗೆಗಳು ಏನು ತಿನ್ನುತ್ತವೆ ಅಂತ ನಾನು ಹೇಳಲಿಲ್ಲ. ಮುಂದಿನ ತಿಥಿಯಲ್ಲಾದರೂ ಅವರ ಮನೆಯವರು ಊಟ ಮಾಡಬೇಕಲ್ಲ.